ಎಂಜಿನ್ನಿನ ಜ್ವರ

ಚಳ್ಳಕೆರೆಯಿಂದ ಉತ್ತರಕ್ಕೆ ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯು ತಳುಕು, ಬಿ.ಜಿ. ಕೆರೆಗಳನ್ನು ದಾಟಿ ಹಾನಗಲ್ಲಿನ ಬಳಿ ಬಲಕ್ಕೆ ಒಂದು ಕವಲೊಡೆಯುತ್ತದೆ. ಆ ಕವಲನ್ನು ಹಿಡಿದವರು ರೇಷ್ಮೆ ಸೀರೆಗಳಿಗೆ ಹೆಸರಾದ ಮೊಳಕಾಲ್ಮುರನ್ನು ಸೇರುತ್ತಾರೆ. ಒಟ್ಟು ದಾರಿ ಸುಮಾರು ಐವತ್ತು ಕಿಲೋಮೀಟರು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವೆರಡೂ ಸೇರಿವೆ. ದಾರಿಯ ಎರಡು ಬದಿಗೂ ಶೇಂಗಾ ಬೆಳೆಯುವ ಕೆಂಪು ಹೊಲಗಳು, ಬಳ್ಳಾರಿ ಜಾಲಿಯ ಪೊದೆಗಳು, ಅಲ್ಲಲ್ಲಿ ಬಂಡೆಗಳ ಗುಡ್ಡಗಳು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಗಾಳಿಯ ಉಷ್ಣತೆ ಕೆಲವು ದಿನ ನಲವತ್ತು ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಏರುತ್ತದೆ. ಡಾಂಬರು ರಸ್ತೆಯ ಮೈ ಅದಕ್ಕಿಂತಲೂ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ. ಮನುಷ್ಯರೂ ದನಕರುಗಳೂ ಆ ಹೊತ್ತಿನಲ್ಲಿ ನೆರಳನ್ನು ಹುಡುಕುವುದು ಸಹಜ. ಆದರೆ ಮೋಟಾರು ಸೈಕಲ್ಲಿನ ಎಂಜಿನ್ನಿಗೆ ಆ ಸ್ವಾತಂತ್ರ್ಯವಿಲ್ಲ. ಸವಾರನು ನಿಲ್ಲಿಸುವವರೆಗೆ ಅದು ಓಡಲೇಬೇಕು.

ಇಂಥ ದಾರಿಯಲ್ಲಿ ಹಳೆಯ ವಾಹನವೊಂದು ಓಡುತ್ತಿರುವಾಗ ಅದರ ಮುಂಭಾಗದ ಫಲಕದಲ್ಲಿ ಸಣ್ಣದೊಂದು ಕೆಂಪು ದೀಪ ಹೊತ್ತಿಕೊಳ್ಳುವುದುಂಟು. ಅಲೆಗಳ ನಡುವೆ ನಿಂತ ಉಷ್ಣಮಾಪಕದ ಚಿತ್ರ ಅದರ ಮೇಲಿರುತ್ತದೆ. ಎಂಜಿನು ಅತಿಯಾಗಿ ಕಾದಿದೆ ಎಂಬುದು ಅದರ ಅರ್ಥ. ಇದನ್ನು ಕಂಡ ಸವಾರರಲ್ಲಿ ಎರಡು ಬಗೆ. ಕೆಲವರು ‘ಇನ್ನೇನು ಊರು ಬಂತು’ ಎಂದು ವೇಗವನ್ನು ಹೆಚ್ಚಿಸುತ್ತಾರೆ. ಇನ್ನು ಕೆಲವರು ಗಾಬರಿಯಿಂದ ನಿಲ್ಲಿಸಿ ಕೈಗೆ ಸಿಕ್ಕಿದ ಮುಚ್ಚಳವನ್ನು ತಿರುಗಿಸಲು ಹೋಗುತ್ತಾರೆ. ಮೊದಲನೆಯವರು ಎಂಜಿನ್ನನ್ನು ಕಳೆದುಕೊಳ್ಳುತ್ತಾರೆ, ಎರಡನೆಯವರು ಕೈ ಮುಖಗಳನ್ನು ಸುಟ್ಟುಕೊಳ್ಳುತ್ತಾರೆ. ದೀಪವು ಹೇಳುವುದು ‘ಬಿಸಿ’ ಎಂಬ ಒಂದೇ ಮಾತನ್ನು. ಏಕೆ ಬಿಸಿ, ಎಲ್ಲಿ ಬಿಸಿ ಎಂಬುದನ್ನು ಅದು ಹೇಳುವುದಿಲ್ಲ. ಜ್ವರ ಬಂದಿದೆ ಎಂದು ತಿಳಿಸುವ ಉಷ್ಣಮಾಪಕವು ಅದು ಮಲೇರಿಯವೋ ವಿಷಮಶೀತವೋ ಎಂದು ಹೇಳಲಾರದಷ್ಟೆ. ಅದನ್ನು ತಿಳಿಯಬೇಕಾದರೆ ವೈದ್ಯನು ರೋಗಿಯನ್ನು ಪ್ರಶ್ನಿಸಬೇಕು: ಜ್ವರ ಯಾವಾಗ ಬರುತ್ತದೆ, ಯಾವಾಗ ಇಳಿಯುತ್ತದೆ, ಚಳಿ ಉಂಟೋ ಇಲ್ಲವೋ? ಎಂಜಿನ್ನಿನ ಜ್ವರವನ್ನು ಕಂಡುಹಿಡಿಯುವ ಬಗೆಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಮೊದಲಿಗೆ ಈ ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಕ್ಷಣಮಾತ್ರ ಎರಡು ಸಾವಿರ ಡಿಗ್ರಿಗೂ ಮೀರಿದ ಉಷ್ಣತೆ ಉಂಟಾಗುತ್ತದೆ. ಪಿಸ್ಟನ್ನನ್ನು ಮಾಡಿರುವ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಆದರೂ ಅದು ಕರಗದೆ ಉಳಿಯುವುದಕ್ಕೆ ಕಾರಣ, ಪ್ರತಿಯೊಂದು ಉರಿಯ ನಡುವೆಯೂ ಶಾಖವನ್ನು ಹೊರಕ್ಕೆ ಸಾಗಿಸುವ ಏರ್ಪಾಡು ಇರುವುದು. ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯ ಕಾಲುಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ ಮಾತ್ರ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಮತ್ತೊಂದು ಪಾಲನ್ನು ಎಂಜಿನ್ನಿನ ಮೈಯಿಂದಲೇ ತೆಗೆದುಹಾಕಬೇಕು. ಈ ಕೆಲಸ ಕೆಲವು ನಿಮಿಷ ನಿಂತರೂ ಸಾಕು, ಪಿಸ್ಟನ್ನು ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಎಂಜಿನ್ ಸೀಜ್ ಆಯಿತು’ ಎನ್ನುತ್ತಾರೆ.

ಶಾಖವನ್ನು ತೆಗೆಯುವ ಹಳೆಯ ವಿಧಾನ ಗಾಳಿಯದು. ಕರ್ನಾಟಕದವರಿಗೆ ಇದರ ಅತ್ಯಂತ ಪರಿಚಿತ ನಿದರ್ಶನ ಮೈಸೂರಿನಲ್ಲಿಯೇ ತಯಾರಾದದ್ದು. ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ ಜಾವಾ ಎಂಬ ಹೆಸರಿನಲ್ಲಿಯೂ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಮೋಟಾರು ಸೈಕಲ್ಲುಗಳನ್ನು ಮಾಡಿತು, 1996ರಲ್ಲಿ ಮುಚ್ಚಿತು. ಆ ವಾಹನಗಳನ್ನು ಜತನದಿಂದ ಕಾಪಾಡಿಕೊಂಡವರು ಇಂದಿಗೂ ಇದ್ದಾರೆ. ಅವುಗಳ ಸಿಲಿಂಡರಿನ ಸುತ್ತ ಅಡ್ಡಡ್ಡಲಾಗಿ ಲೋಹದ ತೆಳುವಾದ ರೆಕ್ಕೆಗಳಿವೆ. ಶಾಖವು ಸಿಲಿಂಡರಿನಿಂದ ರೆಕ್ಕೆಗಳಿಗೂ, ರೆಕ್ಕೆಗಳಿಂದ ಎದುರು ಬೀಸುವ ಗಾಳಿಗೂ ಹರಿಯುತ್ತದೆ. ಇಂಥ ವಾಹನದಲ್ಲಿ ಕೆಂಪು ದೀಪವಿಲ್ಲ. ಸವಾರನ ಕಿವಿ ಮೂಗುಗಳೇ ದೀಪ. ದಿನವೂ ಸಲೀಸಾಗಿ ಏರುತ್ತಿದ್ದ ದಿಣ್ಣೆಯಲ್ಲಿ ಎಳೆತ ಕಡಿಮೆಯಾಗುವುದು, ಎಣ್ಣೆ ಸುಟ್ಟ ವಾಸನೆ ಬರುವುದು, ಕಬ್ಬಿಣದ ಡಬ್ಬಿಯಲ್ಲಿ ಗೋಲಿಗಳನ್ನು ಅಲುಗಿಸಿದಂಥ ಸದ್ದು ಕೇಳುವುದು, ಕೀಲಿಯನ್ನು ತೆಗೆದ ಮೇಲೂ ಎಂಜಿನು ಒಂದೆರಡು ಸುತ್ತು ತಾನಾಗಿಯೇ ತಿರುಗುವುದು, ಇವೆಲ್ಲವೂ ಕಾವೇರಿದುದರ ಲಕ್ಷಣಗಳು.

ಜಾವಾ, ಯೆಜ್ಡಿಗಳಂಥ ಎರಡು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಬಹುಮಟ್ಟಿಗೆ ಪೆಟ್ರೋಲಿನಲ್ಲಿಯೇ ಬೆರೆಸಬೇಕಾಗುತ್ತಿತ್ತು. ಎಣ್ಣೆ ಹಾಕಲು ಮರೆತರೆ, ಅಥವಾ ನಾಲ್ಕು ಕಾಸು ಉಳಿಸಲು ಕಡಿಮೆ ಹಾಕಿದರೆ, ಹೊರಗಿನ ಗಾಳಿ ಎಷ್ಟು ತಂಪಾಗಿದ್ದರೂ ಪಿಸ್ಟನ್ನು ಒಣ ಗೋಡೆಯನ್ನು ಉಜ್ಜಿ ಕಾಯುತ್ತದೆ. ಹೀಗೆ ಕಾದು ಪಿಸ್ಟನ್ನು ಕಚ್ಚಿಕೊಂಡರೆ ಹಿಂದಿನ ಗಾಲಿ ಓಡುತ್ತಿರುವಾಗಲೇ ಬಿಗಿಯುತ್ತದೆ. ಆಗ ಕ್ಲಚ್ಚನ್ನು ತಟ್ಟನೆ ಹಿಡಿದು ಗಾಲಿಯನ್ನು ಎಂಜಿನ್ನಿನಿಂದ ಬಿಡಿಸಿದವನು ಉಳಿಯುತ್ತಾನೆ, ಹಿಡಿಯದವನು ಬೀಳುತ್ತಾನೆ. ಆ ಕಾಲದ ಸವಾರರು ಅನುಮಾನ ಬಂದೊಡನೆ ಎಡಗೈಯ ಬೆರಳುಗಳನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸುತ್ತಿದ್ದುದು ಈ ಕಾರಣದಿಂದ.

ಅಂಥ ಎಂಜಿನ್ನಿನ ರೋಗವನ್ನು ತಿಳಿಯಲು ಮೆಕ್ಯಾನಿಕ್ಕನು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣವನ್ನು ನೋಡುತ್ತಾನೆ. ವೈದ್ಯನು ನಾಲಗೆಯನ್ನು ನೋಡಿದಂತೆ ಇದು. ತುದಿ ತಿಳಿಗಂದಾಗಿದ್ದರೆ ಉರಿ ಸರಿಯಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಬೂದಿಯಂತೆ ಬೆಳ್ಳಗೆ, ಗುಳ್ಳೆಗುಳ್ಳೆಯಾಗಿದ್ದರೆ ಎಂಜಿನು ಅತಿಯಾಗಿ ಕಾದಿದೆ. ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಸೇರುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಕಾರ್ಬುರೇಟರಿನಲ್ಲಿ ಕಸ ಸಿಕ್ಕಿಕೊಂಡಿರುವುದೋ ಅದರ ಜೋಡಣೆ ಸಡಿಲವಾಗಿರುವುದೋ ಅದಕ್ಕೆ ಹಿನ್ನೆಲೆಯಾಗಿರುತ್ತದೆ.

ನೀರಿನಿಂದ ತಂಪಾಗುವ ಮೋಟಾರು ಸೈಕಲ್ಲು ತೀರ ಹೊಸದೇನೂ ಅಲ್ಲ. ಇಂಗ್ಲೆಂಡಿನ ಸ್ಕಾಟ್ ಎಂಬ ವಾಹನದಲ್ಲಿ 1908ರಷ್ಟು ಹಿಂದೆಯೇ ಈ ಏರ್ಪಾಡಿತ್ತು. ನಮ್ಮ ಊರುಗಳ ಬೀದಿಗಳಿಗೆ ಇದು ಹೆಚ್ಚಾಗಿ ಬಂದದ್ದು ಈ ಶತಮಾನದಲ್ಲಿ. 2008ರಲ್ಲಿ ಬಂದ ಯಮಹಾ ಆರ್ 15, 2012ರಲ್ಲಿ ಬಂದ ಪಲ್ಸರ್ 200 ಎನ್.ಎಸ್. ಮುಂತಾದವು ಇದಕ್ಕೆ ಉದಾಹರಣೆಗಳು. ಅಂದು ಹೊಸದಾಗಿದ್ದ ಈ ವಾಹನಗಳು ಇಂದು ಕೈಯಿಂದ ಕೈಗೆ ದಾಟಿ ಹಳತಾಗಿವೆ. ಇವುಗಳಲ್ಲಿ ಸಿಲಿಂಡರಿನ ಸುತ್ತ ಒಂದು ಪೊಳ್ಳು ಕವಚವಿದೆ. ಪಂಪು ಅದರೊಳಗೆ ಶೀತಕ ದ್ರವವನ್ನು ಹರಿಸುತ್ತದೆ. ಪೇಟೆಯ ಮಾತಿನಲ್ಲಿ ಇದೇ ಕೂಲಂಟು, ಎಂದರೆ ಶುದ್ಧೀಕರಿಸಿದ ನೀರಿಗೆ ಗ್ಲೈಕಾಲ್ ಎಂಬ ರಾಸಾಯನಿಕವನ್ನೂ ತುಕ್ಕು ತಡೆಯುವ ವಸ್ತುಗಳನ್ನೂ ಬೆರೆಸಿದ ದ್ರವ. ಕಾದ ದ್ರವ ರಬ್ಬರಿನ ಕೊಳವೆಯ ಮೂಲಕ ಮುಂದಿರುವ ರೇಡಿಯೇಟರಿಗೆ ಬಂದು, ಅದರ ಸಣ್ಣ ನಾಳಗಳಲ್ಲಿ ಹರಿದು, ಗಾಳಿಗೆ ಶಾಖವನ್ನು ಒಪ್ಪಿಸಿ ಹಿಂದಿರುಗುತ್ತದೆ. ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲಿದೆ. ಅದರೊಳಗಿನ ಮೇಣವು ಸುಮಾರು ಎಂಬತ್ತು ಡಿಗ್ರಿಯಲ್ಲಿ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ದ್ರವವು ರೇಡಿಯೇಟರಿಗೆ ಹೋಗುವುದಿಲ್ಲ, ಎಂಜಿನು ಬೇಗ ಹದವಾದ ಬಿಸಿಗೆ ಬರುತ್ತದೆ. ಉಷ್ಣತೆ ಇನ್ನೂ ಏರಿ ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ವಿದ್ಯುತ್ ಫ್ಯಾನು ತಿರುಗತೊಡಗುತ್ತದೆ. ಅದೂ ಸಾಲದಾದಾಗ ಕೆಂಪು ದೀಪ ಹೊತ್ತುತ್ತದೆ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಚಳ್ಳಕೆರೆ ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹಾಗಾದರೆ ನೂರು ಡಿಗ್ರಿ ದಾಟಿದ ದ್ರವ ಕುದಿಯದೆ ಇರುವುದು ಹೇಗೆ? ಇದರ ಗುಟ್ಟು ರೇಡಿಯೇಟರಿನ ಮುಚ್ಚಳದಲ್ಲಿದೆ. ಅದು ಅಡಿಗೆಮನೆಯ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡವು ವಾಯುಮಂಡಲದ ಒತ್ತಡಕ್ಕೆ ಎರಡರಷ್ಟಾದರೆ ಬರಿಯ ನೀರು ಕೂಡ ಸುಮಾರು 120 ಡಿಗ್ರಿಯವರೆಗೆ ಕುದಿಯದು; ಗ್ಲೈಕಾಲ್ ಬೆರೆತರೆ ಇನ್ನೂ ಸ್ವಲ್ಪ ಮೇಲಕ್ಕೆ. ಈಗ ಯಾರಾದರೂ ಬಿಸಿಯಾಗಿರುವಾಗಲೇ ಆ ಮುಚ್ಚಳವನ್ನು ತಿರುಗಿಸಿದರೆಂದು ಇಟ್ಟುಕೊಳ್ಳೋಣ. ಒತ್ತಡ ತಟ್ಟನೆ ಇಳಿಯುತ್ತದೆ. 110 ಡಿಗ್ರಿಯ ದ್ರವ ತಾನು ಕುದಿಯಬೇಕಾದ ಉಷ್ಣತೆಯನ್ನು ಆಗಲೇ ಮೀರಿರುತ್ತದೆ. ಅದರ ಒಂದಂಶ ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ 1600 ಪಟ್ಟಿಗೂ ಹೆಚ್ಚಾಗುತ್ತದೆ. ಹಾಗೆ ಚಿಮ್ಮುವ ಆವಿ, ಕುದಿನೀರು ನೇರವಾಗಿ ಬಗ್ಗಿ ನೋಡುತ್ತಿರುವವನ ಮುಖಕ್ಕೆ ಬರುತ್ತವೆ. ಆದುದರಿಂದ ದೀಪ ಹೊತ್ತಿದಾಗ ಮಾಡಬೇಕಾದ ಮೊದಲ ಕೆಲಸ ಏನೆಂಬುದಕ್ಕಿಂತ ಮಾಡಬಾರದ ಮೊದಲ ಕೆಲಸ ಏನೆಂಬುದು ಮುಖ್ಯ.

ಈಗ ಒಬ್ಬ ತರುಣ ಸವಾರನನ್ನು ಕಲ್ಪಿಸಿಕೊಳ್ಳೋಣ. ಅವನ ವಾಹನ ಹತ್ತು ಹದಿನೈದು ವರ್ಷ ಹಳೆಯದು. ಹಿಂದಿನ ಸೀಟಿನ ಮೇಲೆ ರೇಷ್ಮೆ ನೂಲಿನ ಗಂಟಿದೆ. ಮೊಳಕಾಲ್ಮುರಿನಲ್ಲಿ ನೇಕಾರನೊಬ್ಬನು ಆ ನೂಲಿಗಾಗಿ ಕಾಯುತ್ತಿದ್ದಾನೆ. ನೂಲು ಬಾರದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಆ ದಿನದ ಕೂಲಿಯೂ ನಿಲ್ಲುತ್ತದೆ. ತಳುಕನ್ನು ದಾಟಿದ ಮೇಲೆ ದೀಪ ಹೊತ್ತಿತು. ಅವಸರವಿದ್ದರೂ ಅವನು ರಸ್ತೆಯ ಪಕ್ಕಕ್ಕೆ, ಮರವೊಂದರ ನೆರಳಿಗೆ ಬಂದು ಎಂಜಿನ್ನನ್ನು ನಿಲ್ಲಿಸಬೇಕು. ನಿಲ್ಲಿಸಿದ ಮೇಲೂ ಫ್ಯಾನು ತಿರುಗುತ್ತಿದ್ದರೆ ತಿರುಗಲು ಬಿಡಬೇಕು. ಅರ್ಧ ಗಂಟೆಯಾದರೂ ಯಾವ ಮುಚ್ಚಳವನ್ನೂ ಮುಟ್ಟಬಾರದು. ತಣ್ಣೀರನ್ನು ಎಂಜಿನ್ನಿನ ಮೇಲೆ ಸುರಿಯುವ ಅಭ್ಯಾಸ ಕೆಲವರಿಗೆ ಉಂಟು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಬಲ್ಲವರು ಅದನ್ನು ಮಾಡಲಾರರು. ಕಾದ ಲೋಹ ಒಂದೆಡೆ ಮಾತ್ರ ಥಟ್ಟನೆ ಕುಗ್ಗಿದರೆ ಸೊಟ್ಟಗಾಗುತ್ತದೆ, ಸೀಳಲೂಬಹುದು.

ಕಾಯುವ ಆ ಅರ್ಧ ಗಂಟೆ ವ್ಯರ್ಥವಲ್ಲ. ಕಣ್ಣಿನಿಂದ ನೋಡಬಹುದಾದುದೆಲ್ಲವನ್ನೂ ಆಗಲೇ ನೋಡಬಹುದು. ವಾಹನದ ಕೆಳಗೆ ನೆಲದಲ್ಲಿ ಹಸಿರು ಅಥವಾ ನೀಲಿ ಬಣ್ಣದ ಹನಿಗಳಿವೆಯೇ? ಇದ್ದರೆ ಅವು ಎಲ್ಲಿಂದ ಬಿದ್ದವು? ರಬ್ಬರಿನ ಕೊಳವೆಯಲ್ಲಿ ಬಿರುಕಿದ್ದರೆ ಅಲ್ಲಿ ಒದ್ದೆಯಾಗಿರುತ್ತದೆ. ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲು ಸವೆದರೆ ದ್ರವ ಅಲ್ಲಿಂದ ಜಿನುಗಲೆಂದು ತಯಾರಕರೇ ಬಿಟ್ಟ ರಂಧ್ರ ಅದು. ಹೆಚ್ಚುವರಿ ದ್ರವವಿರುವ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಮೇಲ್ಮಟ್ಟ, ಕೆಳಮಟ್ಟಗಳ ಗೆರೆಗಳುಂಟು. ದ್ರವವು ಕೆಳಗಿನ ಗೆರೆಗಿಂತಲೂ ಇಳಿದಿದೆಯೇ? ರೇಡಿಯೇಟರಿನ ಮುಖ ಹೇಗಿದೆ? ಚಳ್ಳಕೆರೆಯ ಮಣ್ಣಿನ ದಾರಿಗಳಲ್ಲಿ ಓಡಾಡಿದ ವಾಹನದ ರೇಡಿಯೇಟರಿನಲ್ಲಿ ಒಣಗಿದ ಕೆಸರು, ಶೇಂಗಾ ಹೊಟ್ಟು, ಸತ್ತ ಹುಳುಗಳು ಗಾಳಿಯ ಸಂದುಗಳನ್ನು ಮುಚ್ಚಿರುತ್ತವೆ. ಅದನ್ನು ತೊಳೆಯಲು ರಭಸವಾದ ನೀರಿನ ಧಾರೆಯನ್ನು ಹಿಡಿದರೆ ತೆಳು ರೆಕ್ಕೆಗಳು ಮಡಿಚಿಕೊಂಡು ಸಂದು ಇನ್ನಷ್ಟು ಮುಚ್ಚುತ್ತದೆ. ಮೃದುವಾದ ಕುಂಚವೇ ಸಾಕು. ಆಯುಧಪೂಜೆಯ ಮರುದಿನ ಎಂಜಿನು ಕಾದರೆ ಹೆಚ್ಚು ಯೋಚಿಸಬೇಕಾಗಿಲ್ಲ. ರೇಡಿಯೇಟರಿನ ಎದುರಿಗೆ ಕಟ್ಟಿದ ಬಾಳೆಕಂದು, ಚೆಂಡುಹೂವಿನ ಹಾರಗಳನ್ನು ಬಿಚ್ಚಿದರೆ ಆಯಿತು.

ಕಣ್ಣಿಗೆ ಏನೂ ಕಾಣದಿದ್ದಾಗ ವೈದ್ಯನ ಪ್ರಶ್ನೆಯನ್ನು ಕೇಳಬೇಕು: ದೀಪ ಯಾವಾಗ ಹೊತ್ತಿತು? ಈ ಒಂದು ಪ್ರಶ್ನೆಯಿಂದ ತಿಳಿಯುವಷ್ಟು ಹತ್ತು ಸಲಕರಣೆಗಳಿಂದಲೂ ತಿಳಿಯುವುದಿಲ್ಲವೆಂದರೆ ಅತಿಶಯೋಕ್ತಿಯಾಗದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ಜನಸಂದಣಿಯಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಸಾಗುವಾಗ ದೀಪ ಹೊತ್ತಿ, ಬಯಲು ರಸ್ತೆಗೆ ಬಂದು ನಲವತ್ತರ ವೇಗ ಹಿಡಿದೊಡನೆ ಆರಿತೆಂದು ತಿಳಿಯೋಣ. ಇದರರ್ಥ, ದ್ರವ ಹರಿಯುತ್ತಿದೆ, ರೇಡಿಯೇಟರು ಕೆಲಸ ಮಾಡುತ್ತಿದೆ. ನಿಂತಿರುವಾಗ ಗಾಳಿಯನ್ನು ಒದಗಿಸಬೇಕಾದ ಫ್ಯಾನು ಮಾತ್ರ ತಿರುಗುತ್ತಿಲ್ಲ. ಅದರ ಫ್ಯೂಸು ಸುಟ್ಟಿರಬಹುದು, ತಂತಿ ಬಿಟ್ಟಿರಬಹುದು, ಮೋಟಾರೇ ಕೆಟ್ಟಿರಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಪೇಟೆಯಲ್ಲಿ ಸುಮ್ಮನಿದ್ದ ದೀಪ ಬಯಲಿನಲ್ಲಿ ವೇಗವಾಗಿ ಓಡುವಾಗ ಹೊತ್ತಿದರೆ ಫ್ಯಾನನ್ನು ಅನುಮಾನಿಸಿ ಪ್ರಯೋಜನವಿಲ್ಲ. ಆ ವೇಗದಲ್ಲಿ ಗಾಳಿ ತಾನಾಗಿಯೇ ಬರುತ್ತದೆ. ದ್ರವವೇ ಸಾಲದು, ಇಲ್ಲವೆ ಅದರ ಹರಿವಿಗೆ ಎಲ್ಲಿಯೋ ಅಡ್ಡಿಯಾಗಿದೆ. ಹೊರಟ ಎಂಟು ಹತ್ತು ನಿಮಿಷಗಳಲ್ಲಿಯೇ ದೀಪ ಹೊತ್ತಿ, ಎಂಜಿನು ಸುಡುತ್ತಿದ್ದರೂ ರೇಡಿಯೇಟರು ತಣ್ಣಗೇ ಉಳಿದಿದ್ದರೆ ಥರ್ಮೋಸ್ಟಾಟಿನ ಬಾಗಿಲು ತೆರೆದಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು.

ಹವೆಯ ಪಾಲೂ ಇದರಲ್ಲಿದೆ. ಶಾಖವು ಎಷ್ಟು ಬೇಗ ಹೊರಹೋಗುತ್ತದೆಂಬುದು ರೇಡಿಯೇಟರಿನ ಮತ್ತು ಗಾಳಿಯ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ದ್ರವ ನೂರು ಡಿಗ್ರಿಯಲ್ಲಿದ್ದು ಗಾಳಿ 25 ಡಿಗ್ರಿಯಲ್ಲಿದ್ದರೆ ಅಂತರ 75. ಗಾಳಿ 40 ಡಿಗ್ರಿಗೆ ಏರಿದರೆ ಅಂತರ 60. ಎಂದರೆ ಅದೇ ವಾಹನ, ಅದೇ ವೇಗ, ಆದರೂ ತಂಪಾಗುವ ಶಕ್ತಿಯಲ್ಲಿ ಐದನೆಯ ಒಂದು ಭಾಗ ಕಡಿಮೆ. ಆಷಾಢ ಮಾಸದಲ್ಲಿ ಇನ್ನೊಂದು ವಿಚಿತ್ರವನ್ನು ಕಾಣಬಹುದು. ಆಗ ಬಿಸಿಲು ಅಷ್ಟಿಲ್ಲ. ಆದರೆ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಬಿರುಗಾಳಿ ನೈಋತ್ಯದ ಕಡೆಯಿಂದ ಬೀಸುತ್ತಿರುತ್ತದೆ. ಉತ್ತರಕ್ಕೆ ಹೊರಟ ಸವಾರನಿಗೆ ಅದರ ಒಂದಂಶ ಬೆನ್ನಗಾಳಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವವನ ಬೆನ್ನಿಗೆ 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ರೇಡಿಯೇಟರಿಗೆ ತಾಗುವ ಗಾಳಿಯ ವೇಗ 30 ಮಾತ್ರ. ಹೋಗುವಾಗ ಹೊತ್ತಿದ ದೀಪ ಬರುವಾಗ ಹೊತ್ತದಿದ್ದರೆ ಅದಕ್ಕೆ ಗಾಳಿಯೂ ಕಾರಣವಾಗಿರಬಹುದು. ಹವೆಯೊಂದೇ ಸುಸ್ಥಿತಿಯ ಎಂಜಿನ್ನನ್ನು ಕೆಡಿಸುವುದಿಲ್ಲ, ನಿಜ. ಚಳಿಗಾಲದಲ್ಲಿ ಅಡಗಿದ್ದ ದೋಷವನ್ನು ಬೇಸಗೆ ಬಯಲಿಗೆಳೆಯುತ್ತದೆ, ಅಷ್ಟೆ.

ಕೆಲವೊಮ್ಮೆ ದೀಪವೇ ಸುಳ್ಳು ಹೇಳುತ್ತದೆ. ಎಂಜಿನ್ನಿನ ಬಿಸಿಯನ್ನು ಅಳೆಯುವ ಸೆನ್ಸರಿನಲ್ಲಿ, ಬಿಸಿ ಏರಿದಂತೆಲ್ಲ ವಿದ್ಯುತ್ತಿಗೆ ಒಡ್ಡುವ ತಡೆ ಕಡಿಮೆಯಾಗುವ ಒಂದು ವಸ್ತುವಿರುತ್ತದೆ. ಹಳೆಯ ವಾಹನದಲ್ಲಿ ಅದರ ತಂತಿಯ ಮೇಲ್ಹೊದಿಕೆ ಉಜ್ಜಿ ಹರಿದು ಒಳಗಿನ ತಾಮ್ರವು ವಾಹನದ ಕಬ್ಬಿಣಕ್ಕೆ ತಾಗಿದರೆ ತಡೆ ಇಲ್ಲವೇ ಇಲ್ಲವೆಂಬಂತಾಗುತ್ತದೆ. ಆಗ ಎಂಜಿನು ಎಷ್ಟೇ ತಣ್ಣಗಿದ್ದರೂ ದೀಪ ಹೊತ್ತಿಯೇ ಇರುತ್ತದೆ. ಇದನ್ನು ಪರೀಕ್ಷಿಸುವ ಹೊತ್ತು ಬೆಳಗಿನ ಜಾವ. ರಾತ್ರಿಯಿಡೀ ಅಂಗಳದಲ್ಲಿ ನಿಂತ ಎಂಜಿನು ಅಂಗಳದ ಕಲ್ಲಿನಷ್ಟೇ ತಣ್ಣಗಿರುತ್ತದೆ. ಕೀಲಿ ತಿರುಗಿಸಿದಾಗ ದೀಪಗಳೆಲ್ಲ ಒಂದು ಗಳಿಗೆ ಹೊತ್ತಿ ಆರುವುದು ಎಷ್ಟೋ ವಾಹನಗಳಲ್ಲಿ ಸಹಜ. ಆದರೆ ಈ ದೀಪ ಆರದೆ ಉಳಿದರೆ ದೋಷವಿರುವುದು ವಿದ್ಯುತ್ತಿನಲ್ಲಿಯೇ ಹೊರತು ಶಾಖದಲ್ಲಿ ಅಲ್ಲ.

ಸುಳ್ಳಾಗಿ ಹೊತ್ತುವ ದೀಪಕ್ಕಿಂತ ಸುಳ್ಳಾಗಿ ಸುಮ್ಮನಿರುವ ದೀಪ ಹೆಚ್ಚು ಅಪಾಯಕರ. ತಂತಿ ಪೂರ್ತಿ ತುಂಡಾದರೆ ದೀಪ ಹೊತ್ತದೆ ಹೋಗಬಹುದು. ಇದಕ್ಕಿಂತಲೂ ಸೂಕ್ಷ್ಮವಾದುದು ಇನ್ನೊಂದಿದೆ. ಸೆನ್ಸರು ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ದ್ರವವೆಲ್ಲ ಸೋರಿ ಹೋದಾಗ ಅದು ಬರಿಯ ಗಾಳಿ, ಆವಿಗಳ ನಡುವೆ ನಿಲ್ಲುತ್ತದೆ. ಲೋಹ ಕೆಂಡದಂತೆ ಕಾಯುತ್ತಿದ್ದರೂ ಆ ಬಿಸಿ ಅದಕ್ಕೆ ಬೇಗ ಮುಟ್ಟುವುದಿಲ್ಲ. ಹೀಗೆ, ಅತ್ಯಂತ ಬಿಸಿಯಾದ ಎಂಜಿನ್ನಿನಲ್ಲಿ ದೀಪ ತೆಪ್ಪಗಿರುವುದು ಸಾಧ್ಯ. ಮೋಟಾರು ಕಾರುಗಳ ಆರಂಭಕಾಲದಲ್ಲಿ, 1912ರ ಸುಮಾರಿಗೆ, ಅಮೆರಿಕದ ಬಾಯ್ಸ್ ಎಂಬವರು ರೇಡಿಯೇಟರಿನ ಮುಚ್ಚಳದ ಮೇಲೆಯೇ ಕಾಣುವಂತೆ ಉಷ್ಣಮಾಪಕವನ್ನು ಕೂರಿಸಿದರು. ಅದಕ್ಕೆ ಮೊದಲು ಕಾರು ಓಡಿಸುವವರಿಗೆ ಮುನ್ನೆಚ್ಚರಿಕೆ ಎಂದರೆ ಮೇಲೆದ್ದ ಆವಿಯೇ. ಅಂದಿನಿಂದ ಇಂದಿನವರೆಗೆ ಸಲಕರಣೆ ಎಷ್ಟೋ ಸುಧಾರಿಸಿದೆ. ಆದರೂ ಎಳೆತ ಕುಂದಿತು, ಸದ್ದು ಬದಲಾಯಿತು, ಕಾಲಿಗೆ ಎಂದಿಲ್ಲದ ಝಳ ತಾಗಿತು ಎಂದರೆ, ದೀಪ ಹೊತ್ತಲಿ ಬಿಡಲಿ, ಹಳೆಯ ಜಾವಾ ಸವಾರನಂತೆ ಕಿವಿ ಮೂಗುಗಳನ್ನು ನಂಬಿ ನಿಲ್ಲಿಸುವುದೇ ಸರಿ.

ನೆರಳಿನಲ್ಲಿ ಕುಳಿತ ಸವಾರನ ಬಳಿಗೆ ಬರೋಣ. ಡಬ್ಬಿಯಲ್ಲಿ ದ್ರವ ಕೆಳಗಿನ ಗೆರೆಗಿಂತಲೂ ಇಳಿದಿದೆ. ಹೊಲದ ಬದಿಯಲ್ಲಿ ಕೊಳವೆಬಾವಿಯಿದೆ, ನೀರು ಹರಿಯುತ್ತಿದೆ. ಅದನ್ನೇ ತುಂಬಿಕೊಂಡು ಹೋದರಾಗದೆ? ಈ ಸೀಮೆಯ ಎಂಜಿನ್ನುಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲ ಬಹಳ ಕಡೆ ಗಡಸು; ಸುಣ್ಣ ಮತ್ತು ಮೆಗ್ನೀಸಿಯಂಗಳ ಲವಣಗಳು ಅದರಲ್ಲಿ ಕರಗಿವೆ. ಅದರ ಫಲವನ್ನು ನೋಡಲು ಪ್ರಯೋಗಶಾಲೆ ಬೇಕಾಗಿಲ್ಲ, ಬಚ್ಚಲುಮನೆಗೆ ಹೋದರೆ ಸಾಕು. ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಗಟ್ಟಿ ಪದರವೊಂದು ಅಂಟಿಕೊಂಡಿರುತ್ತದೆ. ವರ್ಷಗಳುರುಳಿದಂತೆ ಅದು ದಪ್ಪವಾಗಿ, ಅಷ್ಟೇ ನೀರು ಕಾಯಲು ಹೆಚ್ಚು ಸೌದೆ ಬೇಕಾಗುತ್ತದೆ. ಆ ಪದರ ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಹಂಡೆಯ ಬಾಯಿ ದೊಡ್ಡದು, ತಿಕ್ಕಿ ತೊಳೆಯಬಹುದು. ರೇಡಿಯೇಟರಿನ ನಾಳಗಳೋ ಬಲು ಸಣ್ಣವು. ಅಲ್ಲಿ ಕೂತ ಸುಣ್ಣ ಶಾಖವನ್ನು ತಡೆಯುವುದಲ್ಲದೆ ದ್ರವದ ದಾರಿಯನ್ನೇ ಕಟ್ಟಿಬಿಡುತ್ತದೆ. ಜೊತೆಗೆ, ಬರಿಯ ನೀರಿನಲ್ಲಿ ತುಕ್ಕು ತಡೆಯುವ ವಸ್ತುವಿಲ್ಲದ್ದರಿಂದ ಒಳಗಿನ ಲೋಹ ಸವೆಯತೊಡಗುತ್ತದೆ. ಇಂದು ಬಿಸಿಯನ್ನು ತಣಿಸಿದ ನೀರೇ ಬರುವ ವರ್ಷದ ಬಿಸಿಗೆ ಕಾರಣವಾಗುತ್ತದೆ.

ಹಾಗೆಂದು ನೂಲಿನ ಗಂಟನ್ನು ಹೊತ್ತು ನಡೆದೇ ಹೋಗಬೇಕೆಂದಲ್ಲ. ಹಳೆಯ ವಾಹನವನ್ನು ಇಟ್ಟುಕೊಂಡವರು ಒಂದು ಸಣ್ಣ ಸೀಸೆ ಕೂಲಂಟನ್ನು ಜೊತೆಗೆ ಒಯ್ಯುವುದು ಜಾಣತನ. ಅದಿಲ್ಲದಿದ್ದರೆ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರು ಒಳ್ಳೆಯದು. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಕೊಳವೆಬಾವಿಯದಕ್ಕಿಂತ ಮೇಲು. ಬೇರೇನೂ ಸಿಗದೆ ಕೊಳವೆಬಾವಿಯ ನೀರನ್ನೇ ಹಾಕಬೇಕಾಗಿ ಬಂದರೆ, ಊರು ಸೇರಿದೊಡನೆ ಅದನ್ನೆಲ್ಲ ಹರಿಸಿ ತೆಗೆದು ಹೊಸ ದ್ರವವನ್ನು ತುಂಬಿಸಬೇಕು. ಎಂಜಿನು ಕೈಯಿಟ್ಟರೆ ಸುಡದಷ್ಟು ತಣಿದ ಮೇಲೆ, ದಪ್ಪ ಬಟ್ಟೆಯನ್ನು ಹಾಕಿ, ಮುಖವನ್ನು ದೂರವಿಟ್ಟು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ತುಂಬಬೇಕು. ತುಂಬಿದ ಮೇಲೆ ಎಂಜಿನ್ನನ್ನು ಹೊರಡಿಸಿ ಡಬ್ಬಿಯಲ್ಲಿ ಒಂದೇ ಸಮನೆ ಗುಳ್ಳೆಗಳೇಳುತ್ತವೆಯೇ ಎಂದು ನೋಡಬೇಕು. ಗುಳ್ಳೆಗಳು ನಿಲ್ಲದಿದ್ದರೆ, ಹೊಗೆ ಬೆಳ್ಳಗಿದ್ದರೆ, ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸಿಲಿಂಡರಿನ ತಲೆಭಾಗದ ಗ್ಯಾಸ್ಕೆಟ್ ಒಡೆದಿದೆಯೆಂದು ಅನುಮಾನಿಸಬೇಕು. ಆಗ ಒಂದು ಕಿಲೋಮೀಟರೂ ಓಡಿಸಬಾರದು. ನೂಲಿನ ಗಂಟು ಬಸ್ಸಿನಲ್ಲಿ ಹೋಗಲಿ, ವಾಹನ ಸಾಮಾನು ಸಾಗಿಸುವ ಗಾಡಿಯಲ್ಲಿ ಹೋಗಲಿ. ಗುಳ್ಳೆಗಳಿಲ್ಲದಿದ್ದರೆ ನಿಧಾನವಾಗಿ, ದೀಪದ ಮೇಲೆ ಕಣ್ಣಿಟ್ಟು, ಹಾನಗಲ್ಲಿನವರೆಗೆ ಸಾಗಬಹುದು.

ಹರಿಸಿ ತೆಗೆದ ಹಳೆಯ ಕೂಲಂಟನ್ನು ಬೀದಿಯಲ್ಲೋ ಹೊಲದ ಬದಿಯಲ್ಲೋ ಚೆಲ್ಲುವುದು ದೊಡ್ಡ ತಪ್ಪು. ಗ್ಲೈಕಾಲ್ ಸಿಹಿಯಾದ ವಿಷ. ನಾಯಿಗಳು ಅದನ್ನು ನೆಕ್ಕಿ ಸಾಯುತ್ತವೆ. ಕುರಿ ಮೇಕೆಗಳ ಹಿಂಡುಗಳೇ ಬದುಕಿಗೆ ಆಧಾರವಾಗಿರುವ ಈ ಸೀಮೆಯಲ್ಲಿ, ಬಾಯಾರಿದ ಪ್ರಾಣಿಗೆ ಹಸಿರು ಬಣ್ಣದ ಆ ಹೊಂಡ ನೀರಿನಂತೆಯೇ ಕಾಣುತ್ತದೆ. ಮಕ್ಕಳ ಕೈಗೂ ಸಿಗದಂತೆ ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಮೆಕ್ಯಾನಿಕ್ಕಿಗೆ ಒಪ್ಪಿಸಬೇಕು.

ಇನ್ನು ಥರ್ಮೋಸ್ಟಾಟಿನ ವಿಷಯ. ವಾಹನ ಪದೇಪದೇ ಕಾದಾಗ ಕೆಲವು ಮೆಕ್ಯಾನಿಕ್ಕುಗಳು ಅದನ್ನು ಕಿತ್ತೇ ಎಸೆಯುತ್ತಾರೆ. ಬಾಗಿಲೇ ಇಲ್ಲದ ಮೇಲೆ ಮುಚ್ಚಿಕೊಳ್ಳುವ ಭಯವೂ ಇಲ್ಲವೆಂಬುದು ಅವರ ವಾದ. ಬೇಸಗೆಯಲ್ಲಿ ಇದು ಸರಿಯೆಂದೇ ತೋರುತ್ತದೆ. ಆದರೆ ಮಾರ್ಗಶಿರದ ಬೆಳಗಿನ ಚಳಿಯಲ್ಲಿ ಅದೇ ಎಂಜಿನು ಹದವಾದ ಬಿಸಿಗೆ ಬರಲಾರದೆ ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕಿತ್ತೆಸೆಯುವ ಮೊದಲು ಅದು ನಿಜವಾಗಿಯೂ ಕೆಟ್ಟಿದೆಯೇ ಎಂದು ನೋಡುವುದು ಸುಲಭ. ಅಡಿಗೆಗೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ನೀರು ತುಂಬಿ ಒಲೆಯ ಮೇಲಿಡಬೇಕು. ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಡಬೇಕು. ಶಾಲೆಯ ಪ್ರಯೋಗಶಾಲೆಯ ಉಷ್ಣಮಾಪಕವೊಂದು ಪಕ್ಕದಲ್ಲಿರಲಿ. ನೀರು ಕಾಯುತ್ತ ಎಪ್ಪತ್ತು ಡಿಗ್ರಿ ದಾಟುವವರೆಗೆ ಏನೂ ಆಗುವುದಿಲ್ಲ. ಎಂಬತ್ತರ ಸುಮಾರಿಗೆ ಒಳಗಿನ ಮೇಣ ಕರಗಿ, ಸ್ಪ್ರಿಂಗು ಒತ್ತಿಕೊಂಡು, ಹಿತ್ತಾಳೆಯ ಸಣ್ಣ ತಟ್ಟೆಯೊಂದು ಮೆಲ್ಲಗೆ ಸರಿದು ದಾರಿ ಬಿಡುವುದು ಕಣ್ಣಿಗೆ ಕಾಣುತ್ತದೆ. ಒಲೆಯಿಂದ ಇಳಿಸಿ ನೀರು ಆರಿದಂತೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಹೀಗೆ ಎರಡು ಸಲ ತೆರೆದು ಎರಡು ಸಲ ಮುಚ್ಚಿದರೆ ಅದನ್ನು ಒರೆಸಿ ಇದ್ದಲ್ಲಿಯೇ ಕೂರಿಸಿ, ದೋಷವನ್ನು ಬೇರೆ ಕಡೆ ಹುಡುಕಬಹುದು. ನೀರು ಕುದಿಯತೊಡಗಿದರೂ ಅಲುಗದೆ ಇದ್ದರೆ ಹೊಸದೊಂದನ್ನು ತರಬೇಕು.